ಎದೆ ತುಂಬಿ ಬಂದಾಗ

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರ ಕಣ್ಣುಗಳು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ದಾನವಾಗಿ ಬಂದವು. ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ನೋಟ ಕೊಟ್ಟರು. ಮುಂದಿನ ವಾರಗಳಲ್ಲಿ ರಾಜ್ಯದಲ್ಲಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ನೇತ್ರದಾನವೆಂದರೇನು ಎಂಬುದು ಅವರಿಗೇನೂ ಹೊಸ ವಿಷಯವಲ್ಲ. 2006ರಲ್ಲಿ ಪುನೀತ್ ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾಗಿದ್ದವು. ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದವರನ್ನು ಆ ವಾರ ಎಬ್ಬಿಸಿದ್ದು ಏನು?

ಇನ್ನೊಬ್ಬರ ಒಳ್ಳೆಯತನ ಕಂಡಾಗ ನಮ್ಮೊಳಗೆ ಏಳುವ ಭಾವನೆಗೆ ಅಮೆರಿಕದ ಮನೋವಿಜ್ಞಾನಿ ಜೊನಾಥನ್ ಹೈಟ್ 'ಎಲಿವೇಶನ್' ಎಂದು ಹೆಸರಿಟ್ಟರು. ನಾವು ಅದನ್ನೇ 'ಎದೆ ತುಂಬಿ ಬಂತು' ಎನ್ನುತ್ತೇವೆ. ಕೃತಜ್ಞತೆ, ಮರುಕ, ತಪ್ಪು ಮಾಡಿದೆನೆಂಬ ಅಳುಕು ಇವೆಲ್ಲ ಇದೇ ಬಳಗದವು. ಭಯ ನಮ್ಮ ಜೀವ ಕಾಯುತ್ತದೆ. ಈ ಭಾವನೆಗಳ ಕಣ್ಣು ಮಾತ್ರ ಇನ್ನೊಬ್ಬರ ಕ್ಷೇಮದ ಮೇಲೆ. ಆದ್ದರಿಂದ ಇವಕ್ಕೆ ನೈತಿಕ ಭಾವನೆಗಳು ಎಂದು ಹೆಸರು.

ಎದೆ ತುಂಬಿ ಬರುವುದು ಬರೀ ನುಡಿಗಟ್ಟೇ? 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೈಟ್ ಮತ್ತು ಅವರ ವಿದ್ಯಾರ್ಥಿನಿ ಜೆನ್ ಸಿಲ್ವರ್ಸ್, ಹಾಲೂಡಿಸುವ ತಾಯಂದಿರನ್ನು ಕೂಸುಗಳ ಸಮೇತ ಕರೆಸಿದರು. ಕೆಲವರಿಗೆ ಮನ ಕರಗಿಸುವ ವಿಡಿಯೊ, ಉಳಿದವರಿಗೆ ಹಾಸ್ಯದ ವಿಡಿಯೊ. ಮೊದಲ ಗುಂಪಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಾಯಂದಿರಿಗೆ ಹಾಲು ಜಿನುಗಿತು, ಇಲ್ಲವೇ ಅವರು ಅಲ್ಲೇ ಮಗುವಿಗೆ ಹಾಲೂಡಿಸಿದರು. ನಕ್ಕವರಲ್ಲಿ ಹಾಗಾದದ್ದು ತೀರಾ ಕಡಿಮೆ. ಹಾಲು ಇಳಿಯಲು ಬೇಕಾದ ಆಕ್ಸಿಟೋಸಿನ್ ಹಾರ್ಮೋನಿಗೂ ಈ ಭಾವನೆಗೂ ನಂಟಿರಬಹುದೆಂದು ಅವರು ಊಹಿಸಿದರು.

ಸರಿ, ಕಣ್ಣು ಒರೆಸಿಕೊಂಡು ಎದ್ದುಹೋದರೆ ಯಾರಿಗೇನು ಲಾಭ? ಸಿಮೋನ್ ಷ್ನಾಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗ ಕೇಳಿದ್ದು ಇದನ್ನೇ. ಸಂಗೀತದ ಮೇಷ್ಟ್ರೊಬ್ಬರಿಗೆ ಹಳೆಯ ಶಿಷ್ಯ ಧನ್ಯವಾದ ಹೇಳುವ ವಿಡಿಯೊವನ್ನು ಕೆಲವರಿಗೆ, ಬೇರೆ ವಿಡಿಯೊಗಳನ್ನು ಉಳಿದವರಿಗೆ ತೋರಿಸಿದ ಮೇಲೆ, ಕಂಪ್ಯೂಟರ್ ಕೈಕೊಟ್ಟಿತು, ನೀವಿನ್ನು ಹೊರಡಬಹುದು ಎಂದರು. ಹೊರಡುವಾಗ, ಬೇಸರ ತರಿಸುವ ಒಂದಷ್ಟು ಲೆಕ್ಕಗಳಿವೆ, ಮಾಡಿಕೊಡುತ್ತೀರಾ, ಸಾಕೆನಿಸಿದಾಗ ಬಿಡಬಹುದು ಎಂದು ಕೇಳಿದರು. ಮೇಷ್ಟ್ರ ಕಥೆ ನೋಡಿದವರು ಉಳಿದವರ ಸುಮಾರು ಎರಡರಷ್ಟು ಹೊತ್ತು ಕೂತು ಲೆಕ್ಕ ಮಾಡಿದರು. ಹಾಸ್ಯ ನೋಡಿ ಖುಷಿಯಾಗಿದ್ದವರು ಅಷ್ಟು ಹೊತ್ತು ಕೂರಲಿಲ್ಲ.

ಅಳುಕಿನ ಬಲವೂ ಕಡಿಮೆಯದಲ್ಲ. 1972ರಲ್ಲಿ ವರದಿಯಾದ ಒಂದು ಪ್ರಯೋಗ ನಡೆದದ್ದು ಅಮೆರಿಕದ ಅಂಗಡಿ ಸಂಕೀರ್ಣವೊಂದರಲ್ಲಿ. ಒಬ್ಬಾತ ದುಬಾರಿ ಕ್ಯಾಮೆರಾ ಹಿಡಿದು, ನನ್ನದೊಂದು ಫೋಟೊ ತೆಗೆಯುತ್ತೀರಾ ಎಂದು ಹೋಗಿಬರುವ ಹೆಂಗಸರನ್ನು ಕೇಳುತ್ತಾನೆ. ಕ್ಯಾಮೆರಾ ಕೆಲಸ ಮಾಡುವುದಿಲ್ಲ. ಕೆಲವರಿಗೆ, ನೀವು ಏನೋ ಒತ್ತಿ ಕೆಡಿಸಿಬಿಟ್ಟಿರಿ ಎನ್ನುತ್ತಾನೆ. ಇನ್ನು ಕೆಲವರಿಗೆ, ನಿಮ್ಮ ತಪ್ಪಲ್ಲ ಬಿಡಿ ಎನ್ನುತ್ತಾನೆ. ನಾಲ್ಕು ಹೆಜ್ಜೆ ಮುಂದೆ ಹರಿದ ಚೀಲ ಹಿಡಿದ ಬೇರೊಬ್ಬಾಕೆ ಎದುರಾಗುತ್ತಾಳೆ. ಚೀಲದಿಂದ ಮಿಠಾಯಿಗಳು ಉದುರುತ್ತಿವೆ. ತಪ್ಪು ತಮ್ಮದಲ್ಲ ಎಂದುಕೊಂಡವರಲ್ಲಿ ಶೇ. 15ರಷ್ಟು ಮಂದಿ ಆಕೆಯನ್ನು ಎಚ್ಚರಿಸಿದರು. ತಮ್ಮಿಂದಲೇ ಕೆಟ್ಟಿತು ಎಂದುಕೊಂಡವರಲ್ಲಿ ಶೇ. 55. ಕ್ಯಾಮೆರಾದವನ ಸಾಲವನ್ನು ಅವರು ಮಿಠಾಯಿಯವಳಿಗೆ ತೀರಿಸಿದ್ದರು.

ಸಾಲ ತೀರಿತು ಅನ್ನಿಸಿದರೆ? 1975ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚರ್ಚಿಗೆ ಬಂದ ಕ್ಯಾಥೊಲಿಕರಿಂದ ಸೇವಾಸಂಸ್ಥೆಯೊಂದಕ್ಕೆ ದೇಣಿಗೆ ಕೇಳಿದರು. ಪಾಪನಿವೇದನೆಗೆ ಹೋಗುತ್ತಿದ್ದವರಲ್ಲಿ ಸುಮಾರು ಶೇ. 40 ಮಂದಿ ಕೊಟ್ಟರು. ನಿವೇದನೆ ಮುಗಿಸಿ ಹೊರಬಂದವರಲ್ಲಿ ಕೊಟ್ಟವರು ಅದರ ಅರ್ಧದಷ್ಟೇ. ಮನಸ್ಸು ಹಗುರವಾಗಿತ್ತು, ಜೇಬು ಬಿಗಿಯಾಗಿತ್ತು.

ಕೃತಜ್ಞತೆಯನ್ನು ನಾವು ಋಣದ ಲೆಕ್ಕದಲ್ಲಿ ಅಳೆಯುವವರು: ಕೊಟ್ಟವರಿಗೇ ಮರಳಿಸಬೇಕು. ಆದರೆ ಮೋನಿಕಾ ಬಾರ್ಟ್ಲೆಟ್, ಡೇವಿಡ್ ಡಿಸ್ಟೆನೊ 2006ರಲ್ಲಿ ಕಂಡದ್ದು ಬೇರೆ. ಕೆಟ್ಟ ಕಂಪ್ಯೂಟರನ್ನು ಒಬ್ಬಾಕೆ ಸರಿಮಾಡಿಕೊಟ್ಟ ಮೇಲೆ, ಉಪಕಾರ ಪಡೆದವರು ಆಕೆಗಷ್ಟೇ ಅಲ್ಲ, ಗುರುತೇ ಇಲ್ಲದವರಿಗೂ ಹೆಚ್ಚು ನೆರವಾದರು. ನಿಮಗೆ ಸಹಾಯ ಮಾಡಿದ್ದು ಆಕೆಯಲ್ಲವೇ ಎಂದು ನೆನಪಿಸಿದೊಡನೆ ಅಪರಿಚಿತರ ಪಾಲಿನ ಆ ಉದಾರತೆ ಇಳಿದುಹೋಯಿತು.

ಹಾಗೆಂದು ಭಾವನೆಯನ್ನೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸುವಂತಿಲ್ಲ. ಅದಕ್ಕೆ ಮುಖ ಕಾಣುತ್ತದೆ, ಸಂಖ್ಯೆ ಕಾಣುವುದಿಲ್ಲ. ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಎಂಬ ಸಂಶೋಧಕರ 2007ರ ಪ್ರಯೋಗದಲ್ಲಿ ಜನರ ಕೈಯಲ್ಲಿ 5 ಡಾಲರ್ ಇತ್ತು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಕಥೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಆಫ್ರಿಕಾದ ಲಕ್ಷಾಂತರ ಹಸಿದವರ ಅಂಕಿಅಂಶ ಓದಿದವರು ಕೊಟ್ಟದ್ದು 1.14 ಡಾಲರ್. ಹುಡುಗಿಯ ಕಥೆಯ ಜೊತೆಗೇ ಅಂಕಿಅಂಶ ಇಟ್ಟಾಗ ಮೊತ್ತ 1.43ಕ್ಕೆ ಇಳಿಯಿತು. ಲೆಕ್ಕ ಮರುಕವನ್ನು ತಣ್ಣಗಾಗಿಸಿತ್ತು.

ಈ ಪ್ರಯೋಗಗಳಲ್ಲಿ ಜನ ಹೆಚ್ಚು ನೆರವಾದದ್ದು ಭಾವನೆ ಬಿಸಿಯಾಗಿದ್ದಾಗಲೇ. ತುಂಬಿ ಬಂದ ಎದೆ ಹಾಗೇ ನಿಲ್ಲುವುದಿಲ್ಲ. ಆ ಹೊತ್ತಿಗೆ ಕೈಗೊಂದು ಕೆಲಸ ಸಿಗಬೇಕು. ನೇತ್ರದಾನದಲ್ಲಿ ಹೆಸರು ಬರೆಸುವುದು ಆ ಕೆಲಸದ ಅರ್ಧ ಮಾತ್ರ. ಸಾವಿನ ನಂತರ ಸುಮಾರು 6 ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ಬರೆಸಿದವರು ಆಗ ಇರುವುದಿಲ್ಲ. ದುಃಖದ ನಡುವೆ ನೇತ್ರ ಬ್ಯಾಂಕಿಗೆ ಫೋನ್ ಮಾಡಿ, ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಬೇಕಾದವರು ಮನೆಮಂದಿ. ನೀವೂ ಹೆಸರು ಬರೆಸಿದ್ದರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಆ ಮಾತನ್ನು ಮನೆಯವರ ಕಿವಿಗೆ ಹಾಕಿಬಿಡಿ.