ಇಂಟರ್‌ಲಾಕ್ ಹಾಕುವ ಮುಂಚೆ ನಾಲ್ಕು ಅಡಿ ಮಣ್ಣು ಬಿಡಿ

ಮಳೆ ಕಡಿಮೆಯಾಗುತ್ತಾ ಬಂದಿದೆ. ನಮ್ಮ ಕರಾವಳಿಯಲ್ಲಿ ಹೊಸಬರು ಹಿತ್ತಿಲಲ್ಲಿ ತರಕಾರಿ ಶುರು ಮಾಡಲು ಇದೇ ಒಳ್ಳೆಯ ಸಮಯ. ಆದರೆ ಮಳೆ ಬಿಟ್ಟ ಕೂಡಲೇ ನಮ್ಮ ಮನೆಗಳಲ್ಲಿ ಶುರುವಾಗುವುದು ಬೇರೆ ಕೆಲಸ. ಗಲ್ಫಿನಿಂದ ಮಗ ರಜೆಯಲ್ಲಿ ಬಂದ ಎಂದರೆ ಅಂಗಳಕ್ಕೆ ಇಂಟರ್‌ಲಾಕ್. ಗೇಟಿನಿಂದ ಬಾವಿಕಟ್ಟೆಯವರೆಗೆ, ಕೆಲವು ಕಡೆ ತೆಂಗಿನ ಬುಡದವರೆಗೂ. ಕೆಸರಿಲ್ಲ, ಗುಡಿಸಲು ಸುಲಭ, ಮದುವೆಗೆ ಶಾಮಿಯಾನ ಹಾಕಲು ಅನುಕೂಲ. ಎಲ್ಲ ಸರಿ. ಆದರೆ ಒಂದು ಹಿಡಿ ಹರಿವೆ ಬೀಜ ಹಾಕಲು ಮಣ್ಣೇ ಉಳಿಯುವುದಿಲ್ಲ. ಮಳೆನೀರು ಇಂಗಲೂ ಜಾಗವಿಲ್ಲ. ಎಪ್ರಿಲ್‌ನಲ್ಲಿ ಬಾವಿ ಬತ್ತಿತು ಅಂತ ಟ್ಯಾಂಕರಿಗೆ ಫೋನ್ ಮಾಡುವುದೂ ನಾವೇ.

ನಮ್ಮ ಉಮ್ಮಂದಿರ ಕಾಲದಲ್ಲಿ ಬಚ್ಚಲಿನ ಹಿಂದೆ ಬಸಳೆ ಚಪ್ಪರ ಇಲ್ಲದ ಮನೆ ಅಪರೂಪ. ಒಣ ಸಿಗಡಿ ಹಾಕಿ ಬಸಳೆ ಪದಾರ್ಥ ಮಾಡಬೇಕಾದರೆ ಪೇಟೆಗೆ ಹೋಗಬೇಕಿರಲಿಲ್ಲ. ಈಗ ಹೆಚ್ಚಿನ ತರಕಾರಿ ಘಟ್ಟದಿಂದ ಲಾರಿಯಲ್ಲಿ ಬರಬೇಕು. ಬೆಲೆ ಏರಿದ ವಾರ ಮೀನು, ಮಾಂಸ ತಪ್ಪುವುದಿಲ್ಲ. ತಟ್ಟೆಯಿಂದ ಮೊದಲು ಹೋಗುವುದು ಸೊಪ್ಪು. ಮನೆಯಲ್ಲಿ ಶುಗರ್, ಪ್ರೆಶರ್ ಇದ್ದವರಿಗೆ ಡಾಕ್ಟರು ತಿನ್ನಲು ಹೇಳುವುದು ಅದನ್ನೇ.

ಎಕರೆ ಜಾಗ ಬೇಡ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ ಸಾಕು. ಇಂಟರ್‌ಲಾಕ್ ಹಾಕಿಸುವವರು ಅಷ್ಟನ್ನು ಬಿಟ್ಟು ಹಾಕಿಸಲಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ ಆಗಬೇಕು. ಹಲಸಿನ ಮರದ ಅಡಿ ಗಿಡ ಬದುಕೀತು, ಕಾಯಿ ಬಿಡದು.

ಮೊದಲು ಮಣ್ಣು

ನಮ್ಮದು ಮುರಕಲ್ಲಿನ ಮಣ್ಣು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಬೀಜ ಹಾಕುವ ಎರಡು ವಾರ ಮುಂಚೆ ಒಂದು ಅಡಿ ಆಳಕ್ಕೆ ಅಗೆದು, ಕಲ್ಲು ಹೆಕ್ಕಿ, ಒಂದೆರಡು ಹಿಡಿ ಕೃಷಿ ಸುಣ್ಣ ಬೆರೆಸಿ. ಸುಣ್ಣ ಇಲ್ಲದಿದ್ದರೆ ಕಟ್ಟಿಗೆ ಒಲೆಯ ಬೂದಿ ಆದೀತು. ಆಮೇಲೆ ಮೂರು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿಯಂತೆ ಚೆನ್ನಾಗಿ ಕೊಳೆತ ಹಟ್ಟಿಗೊಬ್ಬರ. ಹಸಿ ಸೆಗಣಿ ಬೇಡ, ಬೇರು ಸುಡುತ್ತದೆ.

ಹಟ್ಟಿಗೊಬ್ಬರ ನಜಸ್ ಅಲ್ವಾ, ಅದು ಹಾಕಿದ ತರಕಾರಿ ತಿನ್ನಬಹುದಾ ಅಂತ ಕೆಲವರಿಗೆ ಸಂಶಯ. ಶಾಫಿಈ ಮದ್‌ಹಬಿನಲ್ಲಿ ಸೆಗಣಿ ನಜಸ್ ಹೌದು. ಆದರೆ ಅದನ್ನು ಗಿಡಕ್ಕೆ ಹಾಕಬಹುದು, ಬೆಳೆದ ತರಕಾರಿ ಹಲಾಲ್. ಸೊಪ್ಪಿಗೆ, ಕಾಯಿಗೆ ಗೊಬ್ಬರ ತಾಗಿದ್ದರೆ ತೊಳೆಯಬೇಕು. ಕೈಗೆ, ಬಟ್ಟೆಗೆ ತಾಗಿದ್ದರೆ ನಮಾಝಿಗೆ ಮುಂಚೆ ಶುದ್ಧ ಮಾಡಬೇಕು. ಅಷ್ಟೇ.

ನಾಲ್ಕೇ ನಾಲ್ಕು ಬೆಳೆ

ಹೊಸಬರು ಕೈಬಿಡಲು ಮುಖ್ಯ ಕಾರಣ ಎಲ್ಲವನ್ನೂ ಒಟ್ಟಿಗೆ ಹಾಕುವುದು. ಅಂಗಡಿಯಲ್ಲಿ ಕ್ಯಾಬೇಜ್, ಕ್ಯಾರೆಟ್‌ನ ಪ್ಯಾಕೆಟ್ ಚೆಂದ ಕಾಣುತ್ತದೆ. ನಮ್ಮ ಸೆಖೆಗೆ ಅದು ಮೊದಲ ವರ್ಷಕ್ಕೆ ಆಗುವ ಕೆಲಸವಲ್ಲ. ನಮ್ಮ ಮಣ್ಣಿನ ಗುರುತು ಇರುವ ನಾಲ್ಕರಿಂದ ಶುರು ಮಾಡಿ.

ಹರಿವೆ: ಬೀಜ ಸಾಸಿವೆಗಿಂತ ಸಣ್ಣದು. ಮರಳಿನೊಂದಿಗೆ ಬೆರೆಸಿ ಬಿತ್ತಿದರೆ ಒಂದೇ ಕಡೆ ಬೀಳುವುದಿಲ್ಲ. ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಇರುವೆ ಬೀಜ ಹೊತ್ತೊಯ್ಯದಂತೆ ಸುತ್ತ ಬೂದಿ ಹಾಕಿ. ಒಂದು ತಿಂಗಳೊಳಗೆ ಸೊಪ್ಪು ಅಡುಗೆಗೆ ಬರುತ್ತದೆ. ಮೊದಲ ಫಸಲು ಬೇಗ ಕೈಗೆ ಬಂದರೆ ಉತ್ಸಾಹ ಉಳಿಯುತ್ತದೆ.

ಬಸಳೆ: ಬೀಜ ಹುಡುಕಬೇಡಿ. ನೆರೆಮನೆಯಿಂದ ಒಂದು ಗೇಣು ಉದ್ದದ ಬಲಿತ ದಂಟು ಕೇಳಿ ತನ್ನಿ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಸ್ವಲ್ಪ ನೆರಳಿದ್ದರೂ ಆಗುತ್ತದೆ. ಬಳ್ಳಿ ಏರಿದ ಮೇಲೆ ಚಪ್ಪರ ಬೇಕು, ಅಡಿಕೆ ಸಲಾಕೆ, ಹಳೆ ಹಗ್ಗ ಸಾಕು.

ಬೆಂಡೆ: ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಂದೂವರೆ ಅಡಿಗೊಂದರಂತೆ ಹಾಕಿ. ಒಂದೂವರೆ ಎರಡು ತಿಂಗಳಲ್ಲಿ ಕಾಯಿ. ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ಬಿಟ್ಟರೆ ನಾರಾಗುತ್ತದೆ, ಗಿಡ ಹೊಸ ಕಾಯಿ ಬಿಡುವುದೂ ಕಡಿಮೆ.

ಅಲಸಂಡೆ: ಇದಕ್ಕೂ ಹಬ್ಬಲು ಆಧಾರ ಬೇಕು. ಕುಡಿಗೆ ಕಪ್ಪು ಹೇನು ಬರುವುದು ಸಾಮಾನ್ಯ. ವಿಷ ಹೊಡೆಯಲು ಓಡಬೇಡಿ. ಶುರುವಿನಲ್ಲೇ ನೀರನ್ನು ಜೋರಾಗಿ ಹಾಯಿಸಿ ತೊಳೆಯಿರಿ, ಬೆಳಿಗ್ಗೆ ಇಬ್ಬನಿ ಇರುವಾಗ ಬೂದಿ ಉದುರಿಸಿ. ತುಂಬಾ ಮುತ್ತಿದ ಕುಡಿಯನ್ನು ಚಿವುಟಿ ತೆಗೆಯಿರಿ.

ಮೆಣಸು, ಬದನೆಗೆ ಮೊದಲು ಸಸಿ ಮಾಡಿ ಆಮೇಲೆ ನೆಡಬೇಕು. ಅವು ಎರಡನೇ ವರ್ಷಕ್ಕಿರಲಿ.

ಸಾಕಿದ ಕೋಳಿ ಇದ್ದರೆ ಸುತ್ತ ಬಲೆ ಕಟ್ಟದೆ ಏನೂ ಉಳಿಯದು. ಮೀನಿನವರ ಹಳೆ ಬಲೆ ಸಿಕ್ಕಿದರೆ ಧಾರಾಳ ಸಾಕು.

ನೀರು ಎಲ್ಲಿಂದ?

ಬೇಸಿಗೆಯಲ್ಲಿ ಕುಡಿಯಲೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನಮ್ಮ ಮನೆಯಲ್ಲೇ ಇದೆ. ಐದಾರು ಜನರಿರುವ ಮನೆಯಲ್ಲಿ ದಿನಕ್ಕೆ ಐದು ಹೊತ್ತು ವುಝೂ. ಪ್ರವಾದಿ(ಸ)ಯವರು ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಾವು ನಳ್ಳಿ ತಿರುಗಿಸಿಟ್ಟು ಬಕೆಟ್‌ಗಟ್ಟಲೆ ಚರಂಡಿಗೆ ಬಿಡುತ್ತೇವೆ. ವುಝೂ ಮಾಡಿದ ನೀರಿನಲ್ಲಿ ಮತ್ತೆ ವುಝೂ ಆಗದು, ಆದರೆ ಅದು ಶುದ್ಧವೇ, ಸೋಪೂ ಇಲ್ಲ. ಕೆಳಗೆ ಒಂದು ಟಬ್ ಇಡಿ, ಇಲ್ಲವೇ ಪೈಪನ್ನು ಗಿಡದ ಬುಡಕ್ಕೆ ತಿರುಗಿಸಿ. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರೂ ಗಿಡಕ್ಕೆ ಒಳ್ಳೆಯದು. ಪಾತ್ರೆ ತೊಳೆದ ಸೋಪು ನೀರು ಬೇಡ. ಮೀನಿನ ತಲೆ, ಕರುಳನ್ನು ಒಂದೂವರೆ ಅಡಿ ಆಳಕ್ಕೆ ಹೂಳಬೇಕು. ಇಲ್ಲದಿದ್ದರೆ ರಾತ್ರಿ ನಾಯಿ, ಬೆಕ್ಕು ಗಿಡವನ್ನೇ ಕಿತ್ತು ಹಾಕುತ್ತವೆ. ಬುಡಕ್ಕೆ ತರಗೆಲೆ ಅಥವಾ ತೆಂಗಿನ ಸಿಪ್ಪೆ ಮುಚ್ಚಿದರೆ ತೇವ ಬೇಗ ಆರುವುದಿಲ್ಲ.

ಫ್ಲ್ಯಾಟಿನವರು, ಬಾಡಿಗೆ ಮನೆಯವರು ಹಳೆ ಅಕ್ಕಿ ಗೋಣಿ, ಪೈಂಟ್ ಡಬ್ಬಗಳಲ್ಲಿ ಹರಿವೆ, ಬೆಂಡೆ ಹಾಕಬಹುದು. ಅಡಿಯಲ್ಲಿ ತೂತು ಇರಲೇಬೇಕು, ನೀರು ನಿಂತರೆ ಬೇರು ಕೊಳೆಯುತ್ತದೆ. ಬೀಜ ಮತ್ತು ಮಾಹಿತಿಗೆ ತಾಲೂಕಿನ ತೋಟಗಾರಿಕೆ ಇಲಾಖೆ, ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಅದಕ್ಕಿಂತ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಯಾವ ತಿಂಗಳಲ್ಲಿ ಏನು, ಯಾವ ಬೀಜವನ್ನು ಬೂದಿಯಲ್ಲಿ ಇಡಬೇಕು ಅನ್ನುವುದು ಅವರಿಗೆ ಬಾಯಿಪಾಠ. ಅವರೊಂದಿಗೆ ಮಣ್ಣಲ್ಲಿ ಕೂರುವ ಮೊಮ್ಮಕ್ಕಳಿಲ್ಲದಿದ್ದರೆ ಆ ಇಲ್ಮ್ ಅವರೊಂದಿಗೇ ಹೋಗುತ್ತದೆ.

ನೆಟ್ಟ ಗಿಡದಿಂದ ಮನುಷ್ಯ ತಿಂದರೂ ಹಕ್ಕಿ ತಿಂದರೂ ನೆಟ್ಟವನಿಗೆ ಸದಕಾದ ಪ್ರತಿಫಲ ಎಂದು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ಮಕ್ಕಳು ಅದನ್ನು ಬರೆದು ಮಾರ್ಕ್ ತೆಗೆಯುತ್ತಾರೆ. ಮನೆಗೆ ಹೋದರೆ ನೆಡಲು ಮಣ್ಣಿರಬೇಕಲ್ಲ? ಒಂದು ಬಸಳೆ ಬಳ್ಳಿ ಹಬ್ಬಿತೆಂದರೆ ಒಂದೇ ಮನೆಯವರು ತಿಂದು ಮುಗಿಸಲಾರರು. ನೆರೆಮನೆಗೆ, ಅವರು ಯಾರೇ ಇರಲಿ, ಒಂದು ಕಟ್ಟು ಕೊಡಿ. ಜೊತೆಗೆ ನೆಡಲು ಒಂದು ದಂಟೂ ಕೊಡಿ.