‘ಡೇಟೆಡ್’ ಮತ್ತು ‘ಡೇಟಬಲ್’: ತೇದಿ ಕಲ್ಲಿನದೋ, ನಮ್ಮದೋ?

ಕೆಲವು ವರ್ಷಗಳ ಹಿಂದೆ ಒಂದು ವೀರಗಲ್ಲಿನ ಬಗ್ಗೆ ಇಂಗ್ಲಿಷ್ ವರದಿ ಓದಿ, ಆ ಊರಿನ ಹುಡುಗರಿಗೆ ಕನ್ನಡದಲ್ಲಿ ಎರಡು ಸಾಲು ಬರೆದುಕೊಟ್ಟಿದ್ದೆ. ವರದಿಯಲ್ಲಿ ಇದ್ದದ್ದು ‘ಡೇಟಬಲ್’, ಸುಮಾರು 850. ನಾನು ಬರೆದದ್ದು ‘ಕ್ರಿ.ಶ. 850ರ ತೇದಿಯುಳ್ಳ ಶಾಸನ’. ಅದೇ ಫಲಕವಾಯ್ತು. ಮುಂದಿನ ಸಲ ಹೋದಾಗ ಹಿರಿಯರೊಬ್ಬರು ಕೇಳಿದರು: “ಆ ಇಸವಿ ಎಲ್ಲಿ ಕೆತ್ತಿದೆ, ತೋರ್ಸಪ್ಪ?” ತೋರಿಸೋಕೆ ಏನೂ ಇರಲಿಲ್ಲ. ಓದುಗರಿಗೆ ಈ ತಪ್ಪು ಆಗಬಾರದು ಅಂತ ಈ ಬರಹ.

ಇಂಗ್ಲಿಷಿನಲ್ಲಿ ‘ಡೇಟ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಡೇಟೆಡ್ ಇನ್‌ಸ್ಕ್ರಿಪ್ಷನ್’ ಅಂದರೆ ತೇದಿ ಹೊತ್ತ ಶಾಸನ. ಇಲ್ಲಿ ‘ಡೇಟೆಡ್’ ವಿಶೇಷಣ. ಬಾದಾಮಿಯ ಬಂಡೆಯ ಮೇಲಿರುವ ಒಂದನೇ ಪುಲಕೇಶಿಯ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ಶಕವರ್ಷ 465 ಅಂತ ಶಾಸನವೇ ಹೇಳುತ್ತದೆ. 78 ಕೂಡಿಸಿದರೆ ಕ್ರಿ.ಶ. 543.

‘ಡೇಟಬಲ್’ ಕೂಡ ವಿಶೇಷಣವೇ, ಆದರೆ ಹುಟ್ಟಿದ್ದು ಕ್ರಿಯಾಪದದಿಂದ: ‘ಕಾಲ ನಿರ್ಣಯಿಸಬಹುದಾದ’. ನಿರ್ಣಯಿಸುವವರು ವಿದ್ವಾಂಸರು, ಕಲ್ಲಲ್ಲ. ಹಲ್ಮಿಡಿ ಶಾಸನದಲ್ಲಿ ತೇದಿಯೇ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು, ಇವುಗಳ ಆಧಾರದ ಮೇಲೆ ಸುಮಾರು ಕ್ರಿ.ಶ. 450 ಅನ್ನುತ್ತೇವೆ. ಅಂದರೆ ಅದು ‘ಅನ್‌ಡೇಟೆಡ್’, ಆದರೂ ‘ಡೇಟಬಲ್’. ಎರಡೂ ಒಟ್ಟಿಗೆ ಇರಬಹುದು.

ನಿಜವಾದ ತೊಡಕು ‘ಡೇಟೆಡ್ ಟು’. ‘ಟು’ ಸೇರಿದ ಕೂಡಲೇ ‘ಡೇಟೆಡ್’ ಕರ್ಮಣಿ ಕ್ರಿಯಾರೂಪವಾಗುತ್ತದೆ: ‘ಈ ಕಾಲದ್ದೆಂದು ನಿರ್ಣಯಿಸಲಾದ’. ‘ಡೇಟೆಡ್ 543’ ಅಂದರೆ ಕಲ್ಲಿನ ಮಾತು. ‘ಡೇಟೆಡ್ ಟು 450’ ಅಂದರೆ ನಮ್ಮ ಮಾತು. ಇಷ್ಟು ಚಿಕ್ಕ ಪದ ಕಣ್ಣಿಗೆ ಬೀಳೋದೇ ಇಲ್ಲ!

ನಾನು ಎಂಜಿನಿಯರ್. ಅಳತೆ ಮಾಡಿದ ಸಂಖ್ಯೆಗೂ ಅಂದಾಜಿಗೂ ಇರುವ ವ್ಯತ್ಯಾಸ ನಂಗೆ ಕೆಲಸದಲ್ಲಿ ದಿನವೂ ಬೇಕು. ಇಲ್ಲಿ ಮಾತ್ರ ಮರೆತಿದ್ದೆ. ಲಿಪಿಯಿಂದ ಹೇಳುವ ಕಾಲ ಕೆಲವು ದಶಕ ಆಚೀಚೆ ಆಗಬಹುದು. ಅದನ್ನೇ ತೇದಿ ಅಂತ ಬರೆದರೆ, ಮುಂದಿನವರು ಅದರ ಮೇಲೆ ರಾಜರ ಆಳ್ವಿಕೆಯ ಲೆಕ್ಕ ಕಟ್ಟುತ್ತಾರೆ.

ಹಾಗಾಗಿ ನಾನೀಗ ಹೀಗೆ ಬರೀತೀನಿ: ಕಲ್ಲಿನಲ್ಲಿ ಇದ್ದರೆ ‘ಶಕ ಇಷ್ಟರ ತೇದಿಯುಳ್ಳ ಶಾಸನ’, ಇಲ್ಲದಿದ್ದರೆ ‘ತೇದಿಯಿಲ್ಲ, ಲಿಪಿಯ ಆಧಾರದ ಮೇಲೆ ಸುಮಾರು ಇಂತಹ ಶತಮಾನ’. ಆ ಊರಿನ ಫಲಕವನ್ನೂ ಹಾಗೇ ತಿದ್ದಿಸಿದೆವು. ನಿಮ್ಮೂರಿನ ಫಲಕದಲ್ಲಿ ಇಸವಿ ಇದ್ದರೆ, ಕಲ್ಲಿನಲ್ಲೂ ಇದೆಯಾ ಅಂತ ಒಮ್ಮೆ ನೋಡಿ ಬನ್ನಿ.