ನಾಯಿಗಳಲ್ಲಿ ಪಾದ ಕಚ್ಚುವಿಕೆ ಮತ್ತು ಯೀಸ್ಟ್ ಸೋಂಕು

ನಾಯಿಯು ತನ್ನ ಪಾದಗಳನ್ನು ಪದೇ ಪದೇ ನೆಕ್ಕುವುದು, ಕಚ್ಚುವುದು ಮತ್ತು ಬೆರಳುಗಳ ಸಂದಿಯನ್ನು ಮುಂಬಲ್ಲುಗಳಿಂದ ಕೆರೆದುಕೊಳ್ಳುವುದು ಸಾಕುನಾಯಿಗಳಲ್ಲಿ ಬಹಳವಾಗಿ ಕಂಡುಬರುವ ಒಂದು ಲಕ್ಷಣ. ಇದು ಸ್ವತಃ ಒಂದು ರೋಗವಲ್ಲ. ಅಲರ್ಜಿ, ಪರೋಪಜೀವಿಗಳು, ಗಾಯ, ನಾಟಿಕೊಂಡ ಮುಳ್ಳು, ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಸೋಂಕು, ಕೀಲುನೋವು, ಕೆಲವೊಮ್ಮೆ ಒಂಟಿತನದ ಬೇಸರ, ಹೀಗೆ ಹಲವು ಕಾರಣಗಳ ಹೊರಗುರುತು. ದೀರ್ಘಕಾಲ ಮುಂದುವರಿದ ಪ್ರಕರಣಗಳಲ್ಲಿ ಮಲಸೇಜಿಯಾ ಪ್ಯಾಕಿಡರ್ಮ್ಯಾಟಿಸ್ ಎಂಬ ಯೀಸ್ಟ್ ಪಾದದ ಚರ್ಮದಲ್ಲಿ ಮಿತಿಮೀರಿ ಬೆಳೆದಿರುವುದು ಅನೇಕ ಬಾರಿ ಕಂಡುಬರುತ್ತದೆ. ಈ ಯೀಸ್ಟ್ ಹೊರಗಿನಿಂದ ಬಂದು ಅಂಟಿದ ಶತ್ರುವಲ್ಲ, ನಾಯಿಯ ಚರ್ಮದಲ್ಲಿ ಮೊದಲಿನಿಂದಲೂ ಇರುವ ನಿವಾಸಿ. ಆದುದರಿಂದ ಅದನ್ನು ಔಷಧಿಯಿಂದ ತಗ್ಗಿಸಿದರೂ, ಅದು ಬೆಳೆಯಲು ಅನುವು ಮಾಡಿಕೊಟ್ಟ ಮೂಲಕಾರಣವನ್ನು ಗುರುತಿಸದಿದ್ದರೆ ತೊಂದರೆ ಕೆಲವೇ ವಾರಗಳಲ್ಲಿ ಮರುಕಳಿಸುತ್ತದೆ.

ಹೆಸರು ಮತ್ತು ಸ್ವರೂಪ

ಮಲಸೇಜಿಯಾ ಎಂಬ ಕುಲನಾಮವನ್ನು 1889ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಬೈಯೋನ್ ಅವರು ತಮ್ಮ ದೇಶದವರೇ ಆದ ಲೂಯಿ ಶಾರ್ಲ್ ಮಲಸೇ ಅವರ ಹೆಸರಿನಲ್ಲಿ ಇಟ್ಟರು. ಪ್ಯಾಕಿಡರ್ಮ್ಯಾಟಿಸ್ ಎಂಬ ಎರಡನೆಯ ಪದದ ಕಥೆ ಸ್ವಾರಸ್ಯಕರ. ಈ ಪ್ರಭೇದವನ್ನು ಮೊದಲು ವಿವರಿಸಿದ್ದು ನಾಯಿಯಿಂದಲ್ಲ; 1925ರಲ್ಲಿ ಅಮೆರಿಕದ ವೈಡ್‌ಮನ್ ಎಂಬುವರು ಚರ್ಮ ಪದರಪದರವಾಗಿ ಉದುರುತ್ತಿದ್ದ ಒಂದು ಭಾರತೀಯ ಘೇಂಡಾಮೃಗದ ಮೈಯಿಂದ ಇದನ್ನು ಬೇರ್ಪಡಿಸಿದರು. ದಪ್ಪ ಚರ್ಮದ ಪ್ರಾಣಿಯಿಂದ ದೊರೆತದ್ದೆಂಬ ಅರ್ಥ ಆ ಹೆಸರಿನಲ್ಲಿ ಉಳಿದುಕೊಂಡಿದೆ. ನಾಯಿಯ ತುರಿಕೆಗೆ ಈ ಜೀವಿಯೂ ಕಾರಣವಾಗಬಹುದೆಂಬುದು ಪಶುವೈದ್ಯರಲ್ಲಿ ವ್ಯಾಪಕವಾಗಿ ಒಪ್ಪಿತವಾದುದು ಬಹಳ ತಡವಾಗಿ.

ಇದು ಮೂರರಿಂದ ಐದು ಮೈಕ್ರೋಮೀಟರ್ ಗಾತ್ರದ ಏಕಕೋಶ ಜೀವಿ. ಒಂದು ತುದಿಯಲ್ಲಿ ಅಗಲವಾದ ಮೊಗ್ಗು ಬಿಟ್ಟು ವೃದ್ಧಿಯಾಗುವುದರಿಂದ ಸೂಕ್ಷ್ಮದರ್ಶಕದಲ್ಲಿ ಎರಡು ಬೀಜದ ಕಡಲೆಕಾಯಿಯಂತೆ ಕಾಣುತ್ತದೆ. ಚರ್ಮದ ಜಿಡ್ಡೇ ಇದರ ಆಹಾರ. ಆರೋಗ್ಯವಂತ ನಾಯಿಯ ಕಿವಿಯ ನಾಳ, ತುಟಿಯ ಮಡಿಕೆ, ಗುದದ್ವಾರದ ಸುತ್ತ ಮತ್ತು ಕಾಲ್ಬೆರಳ ಸಂದಿಗಳಲ್ಲಿ ಅಲ್ಪ ಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ಚರ್ಮದ ತಡೆಗೋಡೆ ದುರ್ಬಲವಾಗಿ, ತೇವ ಮತ್ತು ಜಿಡ್ಡು ಹೆಚ್ಚಿದಾಗ ಅದರ ಸಂಖ್ಯೆ ಏರುತ್ತದೆ. ಕೆಲವು ನಾಯಿಗಳಿಗೆ ಈ ಯೀಸ್ಟಿನ ಮೇಲೆಯೇ ಅಲರ್ಜಿ ಉಂಟಾಗುತ್ತದೆ; ಅಂತಹವುಗಳಲ್ಲಿ ಜೀವಿಗಳ ಸಂಖ್ಯೆ ಕಡಿಮೆಯಿದ್ದರೂ ತುರಿಕೆ ತೀವ್ರವಾಗಿರುತ್ತದೆ.

ಪಾದದಲ್ಲಿ ಈ ತೊಂದರೆ ನೆಲೆಯೂರುವುದಕ್ಕೆ ಒಂದು ವಿಷವೃತ್ತ ಕಾರಣ. ಯಾವುದೋ ಕಾರಣಕ್ಕೆ ತುರಿಕೆ ಆರಂಭವಾಗುತ್ತದೆ, ನಾಯಿ ನೆಕ್ಕುತ್ತದೆ, ಎಂಜಲಿನಿಂದ ಬೆರಳ ಸಂದಿ ಸದಾ ಒದ್ದೆಯಾಗಿರುತ್ತದೆ, ಒದ್ದೆಯಲ್ಲಿ ಯೀಸ್ಟ್ ಬೆಳೆಯುತ್ತದೆ, ಅದರಿಂದ ತುರಿಕೆ ಇನ್ನಷ್ಟು ಹೆಚ್ಚುತ್ತದೆ. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತು ದುಡಿಯುವವರ ಕಾಲ್ಬೆರಳ ಸಂದಿ ಬೆಂದು ಹುಣ್ಣಾಗುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ನಾಯಿಯು ತನ್ನ ಗದ್ದೆಯನ್ನು ತಾನೇ ನಾಲಿಗೆಯಿಂದ ಮಾಡಿಕೊಳ್ಳುತ್ತದೆ.

ಲಕ್ಷಣಗಳು

ಬಿಳಿ ಅಥವಾ ತಿಳಿಬಣ್ಣದ ನಾಯಿಗಳಲ್ಲಿ ಪಾದದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗುವುದು ಮೊದಲ ಸೂಚನೆ. ಇದನ್ನು ಯೀಸ್ಟಿನ ಬಣ್ಣವೆಂದು ತಿಳಿಯುವುದು ತಪ್ಪು. ಎಂಜಲಿನಲ್ಲಿರುವ ಪೋರ್ಫಿರಿನ್ ಎಂಬ ವಸ್ತುವಿನ ಕಲೆ ಅದು. ನಾಯಿ ನೆಕ್ಕುತ್ತಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ, ಏಕೆ ನೆಕ್ಕುತ್ತಿದೆ ಎಂಬುದಕ್ಕಲ್ಲ. ಯೀಸ್ಟ್ ಬೆಳೆದಿದ್ದರೆ ಬೆರಳ ಸಂದಿ ಕೆಂಪಾಗಿ ಜಿಡ್ಡುಜಿಡ್ಡಾಗಿರುತ್ತದೆ, ಉಗುರಿನ ಬುಡದಲ್ಲಿ ಕಂದು ಬಣ್ಣದ ಮೇಣದಂತಹ ಕೊಳೆ ಕಟ್ಟುತ್ತದೆ ಮತ್ತು ಹಳೆಯ ಎಣ್ಣೆಯಂತಹ ಕಮಟು ವಾಸನೆ ಬರುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಚರ್ಮ ಕಪ್ಪಾಗಿ, ದಪ್ಪಗಟ್ಟಿ, ಆನೆಯ ಚರ್ಮದಂತೆ ಗೆರೆಗೆರೆಯಾಗುತ್ತದೆ. ಇದರ ಜೊತೆಗೆ ಕಿವಿ ಕೆರೆತವೂ ಇದ್ದರೆ ಮೂಲದಲ್ಲಿ ಅಲರ್ಜಿ ಇರುವ ಸಾಧ್ಯತೆ ಹೆಚ್ಚು.

ಎಷ್ಟು ಪಾದಗಳಲ್ಲಿ ತೊಂದರೆಯಿದೆ ಎಂಬುದನ್ನು ಗಮನಿಸುವುದು ಬಹಳ ಮುಖ್ಯ. ಒಂದೇ ಪಾದವನ್ನು, ಅದರಲ್ಲಿಯೂ ಒಂದೇ ಬೆರಳ ಸಂದಿಯನ್ನು ನಾಯಿ ಕಚ್ಚುತ್ತಿದ್ದರೆ ಮುಳ್ಳು, ಗಾಜಿನ ಚೂರು, ಹುಲ್ಲಿನ ಚೂಪಾದ ತೆನೆ, ಸೀಳಿದ ಉಗುರು, ಗಂಟು ಅಥವಾ ಆ ಕಾಲಿನ ಕೀಲುನೋವನ್ನು ಮೊದಲು ಅನುಮಾನಿಸಬೇಕು. ಎರಡೂ ಮುಂಗಾಲುಗಳು ಅಥವಾ ನಾಲ್ಕೂ ಪಾದಗಳು ಸಮನಾಗಿ ಕೆಂಪಾಗಿದ್ದರೆ ಕಾರಣ ಇಡೀ ದೇಹಕ್ಕೆ ಸಂಬಂಧಿಸಿದ್ದು, ಬಹುಪಾಲು ಅಲರ್ಜಿ.

ಬೆಂಗಳೂರಿನ ಸಂದರ್ಭ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸೆಕೆ ಕರಾವಳಿಯಷ್ಟಿಲ್ಲ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲಿಯೂ ಹೆಚ್ಚು ಮಳೆ ಸುರಿಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ನೆಲ ಒಣಗುವುದೇ ಇಲ್ಲ. ಹೆಬ್ಬಾಳ, ಜಕ್ಕೂರು, ಯಲಹಂಕ ಕೆರೆಗಳ ಆಸುಪಾಸಿನಲ್ಲಿ ಬೆಳಗಿನ ನಡಿಗೆಗೆ ಹೋಗುವ ನಾಯಿ ಮನೆಗೆ ಬರುವುದು ಒದ್ದೆ ಪಾದದಲ್ಲಿಯೇ. ಮಳೆ ನಿಂತ ಮೇಲೆಯೂ ಚಳಿಗಾಲದ ಇಬ್ಬನಿಯಿಂದ ಹುಲ್ಲು ತೊಯ್ದಿರುತ್ತದೆ. ನಗರದ ಉತ್ತರ ಭಾಗದ ಖಾಲಿ ನಿವೇಶನಗಳಲ್ಲಿ ಮತ್ತು ರಸ್ತೆಯ ಅಂಚಿನಲ್ಲಿ ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಪಾರ್ಥೇನಿಯಂ ಹುಲುಸಾಗಿ ಬೆಳೆಯುತ್ತದೆ; ಮನುಷ್ಯರಲ್ಲಿ ಮತ್ತು ದನಕರುಗಳಲ್ಲಿ ಚರ್ಮದ ಉರಿಯೂತಕ್ಕೆ ಇದು ಹೆಸರಾದ ಕಳೆ. ಆರ್.ಟಿ. ನಗರ, ಯಶವಂತಪುರದಂತಹ ದಟ್ಟ ಬಡಾವಣೆಗಳ ಮನೆಗಳಲ್ಲಿ ನೆಲ ಒರೆಸಲು ಬಳಸುವ ಫಿನಾಯಿಲ್ ಸರಿಯಾಗಿ ಆರುವ ಮೊದಲೇ ನಾಯಿ ಅದರ ಮೇಲೆ ಓಡಾಡಿದರೆ ಅಂಗಾಲು ಉರಿಯಬಹುದು, ನೆಕ್ಕಿದರೆ ಅದು ಹೊಟ್ಟೆಗೂ ಹೋಗುತ್ತದೆ.

ಚಿಕಿತ್ಸೆಗೆ ಸಂಬಂಧಿಸಿದಂತೆ ಈ ಭಾಗದ ಜನರಿಗೆ ಒಂದು ಅನುಕೂಲವಿದೆ. ಬಳ್ಳಾರಿ ರಸ್ತೆಯಲ್ಲಿರುವ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯ 1958ರಲ್ಲಿ ಆರಂಭವಾದುದು. ಈಗ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇದರ ಬೋಧನಾ ಆಸ್ಪತ್ರೆಯಲ್ಲಿ ಸಾಕುಪ್ರಾಣಿಗಳಿಗೂ ಚಿಕಿತ್ಸೆ ನೀಡಲಾಗುತ್ತದೆ.

ರೋಗನಿರ್ಣಯ

ಯೀಸ್ಟನ್ನು ಬರಿಗಣ್ಣಿನಿಂದ ಅಥವಾ ವಾಸನೆಯಿಂದ ನಿರ್ಧರಿಸಲಾಗದು. ಪಾರದರ್ಶಕ ಅಂಟುಪಟ್ಟಿಯನ್ನು ಬೆರಳ ಸಂದಿಗೆ ಹಲವು ಬಾರಿ ಒತ್ತಿ ತೆಗೆದು, ಬಣ್ಣ ಹಾಕಿ, ಗಾಜಿನ ಸ್ಲೈಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ಪ್ರಚಲಿತ ವಿಧಾನ. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಇದು. ಅದೇ ಸ್ಲೈಡಿನಲ್ಲಿ ಬ್ಯಾಕ್ಟೀರಿಯಾಗಳೂ ಕಾಣುತ್ತವೆ. ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಒಟ್ಟಿಗೆ ಇರುವುದು ಅಪರೂಪವಲ್ಲ. ಪ್ರಯೋಗಾಲಯದಲ್ಲಿ ಯೀಸ್ಟನ್ನು ಬೆಳೆಸಿ ನೋಡುವ ಪರೀಕ್ಷೆ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಆರೋಗ್ಯವಂತ ನಾಯಿಯ ಚರ್ಮದಿಂದಲೂ ಅದು ಬೆಳೆಯುವುದರಿಂದ, ಬೆಳೆಯಿತು ಎಂಬ ವರದಿಯಿಂದ ಏನೂ ತಿಳಿದಂತಾಗುವುದಿಲ್ಲ.

ಇದರೊಂದಿಗೆ ಚರ್ಮವನ್ನು ಸ್ವಲ್ಪ ಆಳಕ್ಕೆ ಕೆರೆದು ಡೆಮೊಡೆಕ್ಸ್ ಎಂಬ ನುಸಿಗಾಗಿ ಹುಡುಕಬೇಕು. ಈ ನುಸಿ ಕೆಲವು ನಾಯಿಗಳಲ್ಲಿ ಪಾದಗಳಿಗಷ್ಟೇ ಸೀಮಿತವಾಗಿರುತ್ತದೆ ಮತ್ತು ಹೊರನೋಟಕ್ಕೆ ಯೀಸ್ಟ್ ಸೋಂಕಿನಂತೆಯೇ ಕಾಣುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಸ್ಟೀರಾಯ್ಡ್ ಕೊಟ್ಟರೆ ತುರಿಕೆ ಒಂದೆರಡು ದಿನ ಅಡಗಿ, ಆಮೇಲೆ ನುಸಿಗಳು ಅನಿಯಂತ್ರಿತವಾಗಿ ಹೆಚ್ಚುತ್ತವೆ. ಸ್ಲೈಡ್ ನೋಡದೆ ಔಷಧಿ ಆರಂಭಿಸುವ ಅಭ್ಯಾಸಕ್ಕೆ ನಾಯಿಗಳು ತೆರುವ ಬೆಲೆ ಇದು. ಚಿಗಟ ಮತ್ತು ಉಣುಗುಗಳಿಗಾಗಿಯೂ ಬೆರಳ ಸಂದಿಗಳನ್ನು ಬಿಡಿಸಿ ನೋಡಬೇಕು; ಉಣುಗುಗಳಿಗೆ ಆ ಜಾಗ ಬಲು ಪ್ರಿಯ.

ಚಿಕಿತ್ಸೆ

ಪಾದಗಳಿಗೆ ಸೀಮಿತವಾದ ಯೀಸ್ಟ್ ಸೋಂಕಿಗೆ ಹೊರಗಿನಿಂದ ಮಾಡುವ ಚಿಕಿತ್ಸೆಯೇ ಮೊದಲ ಆಯ್ಕೆ. ಶೇಕಡಾ 2 ಕ್ಲೋರ್‌ಹೆಕ್ಸಿಡಿನ್ ಮತ್ತು ಶೇಕಡಾ 2 ಮೈಕೊನಜೋಲ್ ಕೂಡಿದ ಶಾಂಪೂವಿನಿಂದ ವಾರಕ್ಕೆ ಎರಡು ಬಾರಿ ತೊಳೆಯುವ ಕ್ರಮಕ್ಕೆ ಈವರೆಗಿನ ಅಧ್ಯಯನಗಳಲ್ಲಿ ಬಲವಾದ ಆಧಾರವಿದೆ. ನೊರೆಯನ್ನು ಹತ್ತು ನಿಮಿಷ ಹಾಗೆಯೇ ಬಿಡಬೇಕು ಎಂಬುದನ್ನು ಮನೆಗಳಲ್ಲಿ ಪಾಲಿಸುವುದು ಕಡಿಮೆ. ಎರಡು ನಿಮಿಷಕ್ಕೆ ತೊಳೆದುಬಿಟ್ಟು ಶಾಂಪೂ ಕೆಲಸ ಮಾಡಲಿಲ್ಲವೆನ್ನುವುದು ಸರಿಯಲ್ಲ. ತೊಳೆದ ಮೇಲೆ ಒಣ ಹತ್ತಿ ಬಟ್ಟೆಯಿಂದ ಪ್ರತಿಯೊಂದು ಬೆರಳ ಸಂದಿಯನ್ನೂ ಒರೆಸಬೇಕು. ಒದ್ದೆ ಬಿಟ್ಟರೆ ಮಾಡಿದ ಕೆಲಸ ವ್ಯರ್ಥ. ಪಾದ ವಾಸಿಯಾಗುವವರೆಗೆ ನೆಕ್ಕದಂತೆ ತಡೆಯಲು ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಬಹುದು. ಕಾಲುಚೀಲ ತೊಡಿಸಿ ದಿನವಿಡೀ ಬಿಡುವುದರಿಂದ ಬೆವರು ಒಳಗೇ ನಿಂತು ತೊಂದರೆ ಹೆಚ್ಚುತ್ತದೆ, ಏಕೆಂದರೆ ನಾಯಿಯ ಬೆವರು ಗ್ರಂಥಿಗಳು ಮುಖ್ಯವಾಗಿ ಇರುವುದೇ ಅಂಗಾಲಿನಲ್ಲಿ.

ಸೋಂಕು ಮೈಯೆಲ್ಲ ಹರಡಿದ್ದರೆ ಅಥವಾ ಹೊರ ಚಿಕಿತ್ಸೆ ಸಾಕಾಗದಿದ್ದರೆ ಪಶುವೈದ್ಯರು ಇಟ್ರಾಕೊನಜೋಲ್ ಅಥವಾ ಕೀಟೊಕೊನಜೋಲ್ ಮಾತ್ರೆಗಳನ್ನು ಕೆಲವು ವಾರಗಳ ಕಾಲ ನೀಡುತ್ತಾರೆ. ಇವುಗಳಿಂದ ಯಕೃತ್ತಿಗೆ ಹಾನಿಯಾಗುವ ಸಾಧ್ಯತೆಯಿರುವುದರಿಂದ ತೂಕಕ್ಕೆ ತಕ್ಕ ಪ್ರಮಾಣವನ್ನು ಅವರೇ ನಿರ್ಧರಿಸಬೇಕು. ಗಜಕರ್ಣಕ್ಕೆ ಬಳಸುವ ಗ್ರಿಸಿಯೋಫುಲ್ವಿನ್ ಮಾತ್ರೆ ಈ ಯೀಸ್ಟಿನ ಮೇಲೆ ಯಾವ ಪರಿಣಾಮವನ್ನೂ ಬೀರುವುದಿಲ್ಲ.

ಔಷಧಿ ಅಂಗಡಿಗಳಲ್ಲಿ ಮನುಷ್ಯರ ತುರಿಕೆಗೆಂದು ದೊರೆಯುವ ಮುಲಾಮುಗಳನ್ನು ನಾಯಿಗೂ ಹಚ್ಚುವ ರೂಢಿ ವ್ಯಾಪಕವಾಗಿದೆ. ಇವುಗಳಲ್ಲಿ ಹಲವು ಕ್ಲೋಬೆಟಸಾಲ್‌ನಂತಹ ಬಲವಾದ ಸ್ಟೀರಾಯ್ಡ್, ಶಿಲೀಂಧ್ರನಾಶಕ ಹಾಗೂ ಆ್ಯಂಟಿಬಯಾಟಿಕ್ ಬೆರೆತ ಮಿಶ್ರಣಗಳು. ಪಾದಕ್ಕೆ ಹಚ್ಚಿದ್ದನ್ನು ನಾಯಿ ಕೂಡಲೇ ನೆಕ್ಕಿ ನುಂಗುತ್ತದೆ. ಟೀ ಟ್ರೀ ಎಣ್ಣೆ ನಾಯಿಗಳಿಗೆ ವಿಷಕಾರಿ. ತುರಿಗಜ್ಜಿಗೆಂದು ಸೀಮೆಎಣ್ಣೆ ಅಥವಾ ವಾಹನಗಳ ಹಳೆಯ ಆಯಿಲ್ ಸುರಿಯುವುದು ಚರ್ಮವನ್ನು ಸುಟ್ಟು, ನೆಕ್ಕಿದರೆ ಪ್ರಾಣಕ್ಕೇ ಅಪಾಯ ತರುತ್ತದೆ. ಕೊಬ್ಬರಿ ಎಣ್ಣೆ ಇಷ್ಟು ಅಪಾಯಕಾರಿಯಲ್ಲ, ಆದರೆ ಜಿಡ್ಡನ್ನು ಉಂಡು ಬದುಕುವ ಜೀವಿಯನ್ನು ಜಿಡ್ಡು ಸವರಿ ಓಡಿಸಬಹುದೆಂಬ ನಿರೀಕ್ಷೆ ವಿಚಿತ್ರವಾದುದು.

ಮೂಲಕಾರಣದ ಹುಡುಕಾಟ

ಯೀಸ್ಟ್ ತಗ್ಗಿದ ಮೇಲೂ ನಾಯಿ ಪಾದ ಕಚ್ಚುತ್ತಿದ್ದರೆ ಅಲರ್ಜಿಯ ವಿಚಾರಣೆ ಆರಂಭವಾಗಬೇಕು. ಧೂಳಿನ ನುಸಿ, ಪರಾಗ ಮುಂತಾದ ಪರಿಸರದ ವಸ್ತುಗಳಿಂದ ಬರುವ ಏಟೊಪಿಕ್ ಚರ್ಮರೋಗ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ವಯಸ್ಸಿನೊಳಗೆ ಕಾಣಿಸಿಕೊಳ್ಳುತ್ತದೆ ಮತ್ತು ಜೀವನಪರ್ಯಂತ ನಿಭಾಯಿಸಬೇಕಾಗುತ್ತದೆ. ಸೈಕ್ಲೊಸ್ಪೊರಿನ್, ಒಕ್ಲಾಸಿಟಿನಿಬ್ ಮೊದಲಾದ ಔಷಧಿಗಳು ಇದಕ್ಕಿವೆ.

ಆಹಾರದ ಅಲರ್ಜಿಯನ್ನು ಪತ್ತೆಹಚ್ಚಲು ವಿಶ್ವಾಸಾರ್ಹವಾದ ರಕ್ತಪರೀಕ್ಷೆಯಿಲ್ಲ. ನಾಯಿ ಹಿಂದೆಂದೂ ತಿನ್ನದ ಒಂದೇ ಬಗೆಯ ಪ್ರೋಟೀನನ್ನು, ಇಲ್ಲವೇ ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವಿಶೇಷ ಆಹಾರವನ್ನು, ಕನಿಷ್ಠ ಎಂಟು ವಾರ ಮಾತ್ರವೇ ಕೊಟ್ಟು, ಬಳಿಕ ಹಳೆಯ ಆಹಾರವನ್ನು ಮರಳಿ ಕೊಟ್ಟು ನೋಡುವುದೊಂದೇ ದಾರಿ. ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವುವೆಂದು ದಾಖಲಾಗಿರುವ ಆಹಾರಗಳು ದನದ ಮಾಂಸ, ಹಾಲಿನ ಪದಾರ್ಥಗಳು, ಕೋಳಿ ಮಾಂಸ ಮತ್ತು ಗೋಧಿ. ನಮ್ಮ ಮನೆಗಳ ನಾಯಿಯ ತಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವ ಮೊಸರನ್ನ, ಕೋಳಿ ಅನ್ನ, ಬಿಸ್ಕತ್ತುಗಳಲ್ಲಿ ಇವುಗಳ ಪೈಕಿ ಮೂರು ಸೇರಿಹೋಗಿವೆ. ಈ ಪ್ರಯೋಗ ವಿಫಲವಾಗುವುದು ಬಹುತೇಕ ಔಷಧಿಯ ದೋಷದಿಂದಲ್ಲ. ಸಂಜೆಯ ಕಾಫಿಯ ಹೊತ್ತಿಗೆ ಅಜ್ಜನ ಕೈಯಿಂದ ಜಾರುವ ಒಂದು ಬಿಸ್ಕತ್ತು ಎರಡು ತಿಂಗಳ ಶ್ರಮವನ್ನು ಹಾಳುಮಾಡುತ್ತದೆ. ರುಚಿ ಬೆರೆಸಿದ ಜಂತುಹುಳುವಿನ ಮಾತ್ರೆಗಳೂ ಲೆಕ್ಕಕ್ಕೆ ಸೇರುತ್ತವೆ.

ಅಕ್ಕಿ, ರಾಗಿಯಂತಹ ಪಿಷ್ಟದ ಆಹಾರ ಚರ್ಮದ ಯೀಸ್ಟಿಗೆ ಮೇವಾಗುತ್ತದೆ, ಆದ್ದರಿಂದ ಮುದ್ದೆ ಮತ್ತು ಅನ್ನವನ್ನು ಬಿಡಿಸಬೇಕು ಎಂಬ ಮಾತು ಈಚೆಗೆ ಪ್ರಚಾರದಲ್ಲಿದೆ. ಇದಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ಮೇಲೆ ಹೇಳಿದಂತೆ ಮಲಸೇಜಿಯಾ ಬದುಕುವುದು ಚರ್ಮದ ಜಿಡ್ಡಿನ ಮೇಲೆ, ಊಟದ ಪಿಷ್ಟದ ಮೇಲಲ್ಲ.

ಬೀದಿನಾಯಿಗಳು

ಕೂದಲುದುರಿದ ಬೀದಿನಾಯಿಗಳ ಎಲ್ಲ ಚರ್ಮರೋಗಗಳನ್ನೂ ಜನರು ಕಜ್ಜಿ ಎಂಬ ಒಂದೇ ಹೆಸರಿನಿಂದ ಕರೆದು ದೂರವಿಡುತ್ತಾರೆ. ವಾಸ್ತವದಲ್ಲಿ ನುಸಿ, ಬ್ಯಾಕ್ಟೀರಿಯಾ, ಯೀಸ್ಟ್ ಮೂರೂ ಒಂದೇ ನಾಯಿಯಲ್ಲಿ ಇರಬಹುದು. ವಾರಕ್ಕೆ ಎರಡು ಸ್ನಾನ ಇವುಗಳ ಪಾಲಿಗೆ ಸಾಧ್ಯವಾಗದ ಮಾತು. ನುಸಿಗೆ ಆಹಾರದಲ್ಲಿ ಸೇರಿಸಿ ಕೊಡಬಹುದಾದ ಐಸೊಕ್ಸಜೋಲಿನ್ ಗುಂಪಿನ ಮಾತ್ರೆಗಳು ಈಗ ಇರುವುದರಿಂದ, ಪ್ರತಿದಿನ ಅನ್ನ ಹಾಕುವವರಿದ್ದಲ್ಲಿ ಪಶುವೈದ್ಯರ ಸಲಹೆಯಂತೆ ಚಿಕಿತ್ಸೆ ಮಾಡುವುದು ಹಿಂದಿಗಿಂತ ಸುಲಭವಾಗಿದೆ. ಫಿಟ್ಸ್ ಬರುವ ನಾಯಿಗಳಿಗೆ ಈ ಮಾತ್ರೆಗಳನ್ನು ಎಚ್ಚರಿಕೆಯಿಂದ ಬಳಸಬೇಕು.

ಮನುಷ್ಯರಿಗೆ ಅಪಾಯ

ಆರೋಗ್ಯವಂತರಿಗೆ ನಾಯಿಯ ಈ ಯೀಸ್ಟಿನಿಂದ ತೊಂದರೆಯಾಗುವುದು ವಿರಳ. ಆದರೆ ಅಮೆರಿಕದ ಒಂದು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಹರಡಿದ ಇದೇ ಯೀಸ್ಟಿನ ಸೋಂಕಿಗೂ ಅಲ್ಲಿನ ಸಿಬ್ಬಂದಿ ಮನೆಯಲ್ಲಿ ಸಾಕಿದ್ದ ನಾಯಿಗಳಿಗೂ ಸಂಬಂಧವಿದ್ದುದನ್ನು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಾಯಿಯ ಪಾದ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಎಲ್ಲರಿಗೂ ಅಗತ್ಯ. ಮನೆಯಲ್ಲಿ ಹಸುಗೂಸು ಅಥವಾ ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ ಇದನ್ನು ಕಡ್ಡಾಯವಾಗಿ ಪಾಲಿಸಬೇಕು.